ಭತ್ತ ಕಡಿಯುವ ಹಲ್ಲಿಗೆ ಬೆಳಕು

ಹೊಸಪೇಟೆಯ ದಂತವೈದ್ಯರ ಕೋಣೆಯಲ್ಲಿ ಅಂದು ಇದ್ದವರು ಮೂವರು: ವೈದ್ಯರು, ನನ್ನ ಹೆಂಡತಿ ಗೌರಮ್ಮ ಮತ್ತು ನಾನು. ಮೂವರಿಗೂ ಕಪ್ಪು ಕನ್ನಡಕ. ಬಾಯಿ ತೆರೆದಿದ್ದವನು ನಾನು, ಮಾತಾಡುತ್ತಿದ್ದವಳು ಅವಳು. “ಡಾಕ್ಟ್ರ, ಬರೇ ಬೆಳಕು ಬಿಟ್ರ ಹಲ್ಲು ಜುಮ್ಮನ್ನೋದು ಹೊಕ್ಕೈತೇನ್ರಿ? ಹಂಗಾದ್ರ ನಮ್ಮನ್ಯಾಗೂ ಬ್ಯಾಟ್ರಿ ಐತಲ್ಲ.” ವೈದ್ಯರು ಬೇಸರಿಸಲಿಲ್ಲ. “ಇದು ಲೇಸರ್ ಬೆಳಕಮ್ಮ, ಹಲ್ಲಿನ ನರ ಶಾಂತ ಮಾಡ್ತೈತಿ. ಬ್ಯಾಟ್ರಿ ಎಮ್ಮೆ ಹುಡುಕಾಕ ಇಟ್ಕೊಳ್ರಿ.” ಅದು ಅದಿರಿನ ಲಾರಿಗಳ ಕಾಲ, ಊರಿಗೆ ದುಡ್ಡು ಬಂದಂತೆ ಇಂಥ ಯಂತ್ರಗಳೂ ಬಂದಿದ್ದವು. ಮೊದಲು ನನ್ನ ಹಲ್ಲು ನೋಡಿ ವೈದ್ಯರು, “ಎಲಿಅಡಿಕಿ ಭಾಳೇನ್ರಿ?” ಎಂದಿದ್ದರು. ಎಲೆಯೂ ಅಲ್ಲ, ಅಡಿಕೆಯೂ ಅಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತು, ಅದಿರಿನ ಕೆಂಪು ದೂಳೆಬ್ಬಿಸುವ ಲಾರಿಗಳ ಹಿಂದೆ, ಬಾಯಿ ತೆರೆದು ನಿದ್ದೆ ಹೊಡೆದಿದ್ದೆ.

ನನ್ನ ಹಲ್ಲು ಬರೀ ಹಲ್ಲಲ್ಲ, ಹೊಟ್ಟೆಪಾಡು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಭತ್ತ ಪರೀಕ್ಷಿಸುವವನು ನಾನು. ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ಕಡಿಯಬೇಕು. ‘ಕಟ್’ ಎಂದರೆ ಒಣಗಿದೆ. ಮೆತ್ತಗೆ ಚಪ್ಪಟೆಯಾದರೆ ಹಸಿ, ದರ ಕಡಿಮೆ. ಕಲಿಸಿದ ದೊಡ್ಡಪ್ಪ ಹೇಳುತ್ತಿದ್ದ: “ತಮ್ಮಾ, ಕಣ್ಣು ಸುಳ್ಳು ಹೇಳ್ತೈತಿ, ಹಲ್ಲು ಹೇಳಂಗಿಲ್ಲ.” ದೊಡ್ಡಪ್ಪನಿಗೆ ನನ್ನ ಪರಿಚಯ ಪೂರ್ತಿ ಇರಲಿಲ್ಲ. ಆ ಸುಗ್ಗಿಯಲ್ಲಿ ಕಾಳು ತಾಕಿದರೆ ಸಾಕು, ಜುಮ್ಮೆಂದು ನೆತ್ತಿಗೇರುತ್ತಿತ್ತು. ಗಿರಣಿಯ ಸಾಹುಕಾರರಿಗೆ ಹೇಳಿದರೆ ಕೆಲಸ ಹೋದೀತೆಂಬ ಭಯ. ಕಾಳನ್ನು ದವಡೆಯಲ್ಲಿ ಅಡಗಿಸಿ, ನಾಲಿಗೆಯಿಂದಲೇ ‘ಕಟ್’ ಎನ್ನಿಸಿ, “ಒಣಗೈತಿ ನೋಡ್ರಿ” ಎನ್ನತೊಡಗಿದೆ. ಮೆಟ್ರಿಯ ರೈತ ಈರಣ್ಣನಂತೂ, “ಬಸಣ್ಣಾರದು ಧರ್ಮದ ಹಲ್ಲು” ಎಂದು ಊರೆಲ್ಲ ಹೊಗಳಿದ. ಭತ್ತದ ಗಾಡಿಗಳು ನಮ್ಮ ಗಿರಣಿಗೇ ಸಾಲುಗಟ್ಟಿದವು. ಒಂದು ದಿನ ಗೋದಾಮಿನಿಂದ ಮುಗ್ಗು ವಾಸನೆ ಬಂತು. ಸಾಹುಕಾರರು ಚೀಲ ಮುಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿ ಒಳಗೆ ನಡೆದರು. ಬೈದಿದ್ದರೆ ಊಟ ಸೇರುತ್ತಿತ್ತು. ಮರುದಿನವೇ ನಾನು ಹೊಸಪೇಟೆ ಬಸ್ಸು ಹತ್ತಿದ್ದು.

ನಾಲ್ಕು ಸಲ ಬೆಳಕು ಹಿಡಿಸಿಕೊಂಡ ಮೇಲೆ ಐಸ್ ಹಾಕಿದ ಕಬ್ಬಿನ ಹಾಲು ಕುಡಿದೆ, ಹಲ್ಲು ತೆಪ್ಪಗಿತ್ತು. ಎದೆಯುಬ್ಬಿಸಿ ಗಿರಣಿಗೆ ಬಂದರೆ ಈರಣ್ಣನೇ ಎದುರಾದ. ಅವನ ಭತ್ತ ತಿಕ್ಕಿ, ಎಷ್ಟೋ ದಿನಗಳ ಮೇಲೆ ನಿಜವಾಗಿ ಕಡಿದೆ. ಚಪ್ಪಟೆ.

“ಹಸಿ ಐತಲ್ಲೋ ಈರಣ್ಣ.”

“ಏನ್ ಬಸಣ್ಣಾರ, ಹಿಂಗಂತೀರಿ? ಹ್ವಾದ ಸಲ ಇದ ಭತ್ತ ಕಟ್ ಅಂದಿತ್ತಲ್ರಿ!”

“ಈಗ ಹಲ್ಲಿಗೆ ಬೆಳಕು ಹಿಡಿಸೀನಪ್ಪ.”

ಈರಣ್ಣ ನನ್ನ ಹತ್ತಿರ ಬಗ್ಗಿದ. “ಆ ಬೆಳಕ ಆರಸಾಕ ಡಾಕ್ಟ್ರು ಏನ್ ತಗೊಂತಾರ ಕೇಳ್ರಿ. ನಮ್ಮೂರಾಗ ಪಟ್ಟಿ ಎತ್ತಿ ರೊಕ್ಕ ಕೊಡ್ತೀವಿ.”

ಅಷ್ಟರಲ್ಲಿ ಸಾಹುಕಾರರು ಒಳಗಿನಿಂದ ಒಂದು ಡಬ್ಬಿ ತಂದು ನನ್ನ ಮುಂದಿಟ್ಟರು. “ಬಸಣ್ಣ, ನಿನ್ನ ಹಲ್ಲಿಗೆ ಇನ್ನ ತ್ರಾಸ ಬ್ಯಾಡ.” ಹಿಡಿ ಭತ್ತ ಸುರಿದರೆ ತೇವ ಎಷ್ಟೆಂದು ತೋರಿಸುವ ಯಂತ್ರ. ಈರಣ್ಣನ ಭತ್ತವನ್ನೇ ಸುರಿದೆ. ಪುಟ್ಟ ಕೆಂಪು ಬೆಳಕು ಹೊತ್ತಿ, ನನ್ನ ಹಲ್ಲು ಹೇಳಿದ್ದನ್ನೇ ಹೇಳಿತು.

ಈಗ ಭತ್ತವನ್ನೆಲ್ಲ ಯಂತ್ರವೇ ನೋಡುತ್ತದೆ. ಅದರ ಸೆಲ್ಲು ಕೈಕೊಟ್ಟಾಗ ಮಾತ್ರ ಸಾಹುಕಾರರು ನನ್ನನ್ನು ಕೂಗುತ್ತಾರೆ. ನಾನು ಸೆಲ್ಲು ತೆಗೆದು, ಹಲ್ಲಿನಲ್ಲಿ ಒಮ್ಮೆ ಚೆನ್ನಾಗಿ ಕಡಿದು, ಮತ್ತೆ ಹಾಕಿಕೊಡುತ್ತೇನೆ. ಸಂಜೆಯವರೆಗೆ ಯಂತ್ರ ನಡೆಯುತ್ತದೆ.