ಹತ್ತಿ ದರದ ಪುಟ ಕೆಟ್ಟಾಗ

ವ್ಯಾಪಾರ ಅಂದಮೇಲೆ ಏನಾದರೂ ಕೆಡುತ್ತಲೇ ಇರುತ್ತದೆ. ಮೊದಲು ತಕ್ಕಡಿ ಕೆಡುತ್ತಿತ್ತು, ಈಗ ವೆಬ್‌ಸೈಟು. ಆದೋನಿಯಲ್ಲಿ ನನ್ನದು ಹತ್ತಿ ಅಂಗಡಿ. ದರ ಕೇಳಲು ಬಂದವರು ಕೂತು, ಊರ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದರು. ದರ ಫೋನಿನಲ್ಲೇ ಕಾಣಲಿ ಎಂದು ಎಮ್ಮಿಗನೂರಿನ ಒಬ್ಬಾಕೆಯಿಂದ ಸೈಟು ಮಾಡಿಸಿದೆ. ಅಂದಿನಿಂದ ಅಂಗಡಿಯಲ್ಲಿ ನಾನು, ನನ್ನ ಫ್ಯಾನು.

ಬಿಳಿ ಪುಟ

ಅಮಾವಾಸ್ಯೆ ದಿನ ನಾವು ದರ ನುಡಿಯುವುದಿಲ್ಲ. ಹಾಗಾಗಿ ದರದ ಖಾನೆ ಖಾಲಿ ಬಿಟ್ಟೆ. ಪುಟ ಮೂಡಿಸುವ ಅಚ್ಚಿಗೆ ಆ ಜಾಗದಲ್ಲಿ ತುಂಬಲು ಏನೂ ಸಿಗದೆ ಇಡೀ ಪುಟ ಬಿಳಿಯಾಯಿತು. ಕಾರಣ ಹೇಳುವ ಒಂದು ಅಕ್ಷರ ಇಲ್ಲ. ಮರುದಿನ ಗೋನೆಗಂಡ್ಲದ ಹಳೇ ರೈತ ಹೂವಿನ ಹಾರ ಹಿಡಿದು ಬಂದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

"ಪುಟ ಬೆಳ್ಳಗಾಗಿತ್ತಲ್ರಿ, ಇನ್ನಾ ಅದೀರೇನ್ರಿ?"

ತಂದ ಹಾರ ಕೆಡಬಾರದೆಂದು ತಕ್ಕಡಿಗೆ ಹಾಕಿಸಿದೆ.

ಟವೆಲ್ ಇಲ್ಲದ ದರ

ಏನು ಕೆಟ್ಟಿದೆ ಅಂತಾದರೂ ತೋರಿಸವ್ವ ಎಂದೆ ಸೈಟು ಮಾಡಿದಾಕೆಗೆ. ತೋರಿಸಿದಳು. ಮುಂದಿನ ಅಮಾವಾಸ್ಯೆಗೆ ಪುಟದ ತುಂಬ ಕೆಂಪಕ್ಷರ: ಯಾವ ಫೈಲು, ಎಷ್ಟನೇ ಸಾಲು, ಒಳಗೆ ಏನೇನಿದೆ. ನಾನು ಎಲ್ಲಿಯತನಕ ದರ ಏರಿಸಬಲ್ಲೆ ಎಂದು ನನಗಾಗಿ ಬರೆದಿಟ್ಟದ್ದೂ ಅದರಲ್ಲಿತ್ತು. ನಾವೋ ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಮುಗಿಸುವ ಮಂದಿ. ಮಾರನೇ ದಿನ ಪತ್ತಿಕೊಂಡದ ರೈತ ಕೈ ಚಾಚಿದ. ಟವೆಲ್ ಹೊದಿಸಲು ಹೋದೆ.

"ಬಿಡ್ರಿ ಸಾವ್ಕಾರ್ರ, ಊರೆಲ್ಲಾ ನೋಡೈತಿ" ಎಂದು ಫೋನು ತೋರಿಸಿದ.

ಎರಡೇ ಮಾತು

ರಿಪೇರಿಯ ವಿಷಯ ನಿನಗಷ್ಟೇ ಬರಲಿ, ಮಂದಿಗೆ ಎರಡು ಮಾತು ಸಾಕು ಎಂದೆ. "ದರ ಈಗ ಕಾಣುತ್ತಿಲ್ಲ. ಅಂಗಡಿಗೆ ಬಂದು ಕೇಳಿ" ಎಂದು ಬರೆದಳು. ಅಮಾವಾಸ್ಯೆಗೆ ಅಂಗಡಿ ತುಂಬಿತು. ಇವತ್ತು ದರ ಇಲ್ಲ ಎಂದರೂ ಯಾರೂ ಏಳಲಿಲ್ಲ. ಮೂರು ಸಲ ಚಾ ತರಿಸಿದೆ. ಒಬ್ಬರೂ ಹತ್ತಿಯ ಮಾತೆತ್ತಲಿಲ್ಲ.

ಪೂರಾ ರಿಪೇರಿ

ಆಕೆ ಚುರುಕು. ಖಾನೆ ಖಾಲಿ ಬಿಟ್ಟರೆ "ಇಂದು ರಜೆ" ಎಂದು ತಾನೇ ತೋರಿಸುವಂತೆ ಮಾಡಿಬಿಟ್ಟಳು. ಪುಟ ಕೆಡುವುದು ನಿಂತಿತು, ಜನ ಬರುವುದೂ ನಿಂತಿತು. ಎಂಟು ದಿನ ನೋಡಿ ಫೋನು ಮಾಡಿದೆ: ಮತ್ತೆ ಎರರ್ ಬರುತ್ತಿದೆ. ನನಗೆ ಚೆನ್ನಾಗೇ ಕಾಣುತ್ತಿದೆಯಲ್ಲ ಎಂದಳು. ಅಲ್ಲಿ ಕಂಡೀತು, ಇಲ್ಲಿ ಬಂದು ನೋಡವ್ವ ಎಂದೆ.

ಬಸ್ಸು ಹಿಡಿದು ಬಂದಳು. ಫೋನು, ಕಂಪ್ಯೂಟರು ಎಲ್ಲ ತಡಕಾಡಿದಳು. ಅಷ್ಟರಲ್ಲಿ ನಾನು ಅವಳ ತಾಯಿಯ ಮೊಣಕಾಲು ನೋವು, ಅವರ ಓಣಿಯ ಮಗ್ಗ, ಅಕ್ಕನ ಮಗಳ ಲಗ್ನ, ಎಲ್ಲ ಕೇಳಿ ಮುಗಿಸಿ ಇನ್ನೊಂದು ಚಾ ಹೇಳಿದೆ. ಆಕೆ ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನೇ ನೋಡಿದಳು.

"ಎರರ್ ಐತ್ರಿ ಸಾವ್ಕಾರ್ರ. ಪುಟದಾಗಲ್ಲ, ನನ್ನ ಎದುರಿಗೆ ಕುಂತೈತಿ."