ಅಳಿಯನ ಕ್ಯಾಸೆಟ್ಟು, ಅತ್ತೆಯ ಕಿವಿ

ರಂಗನಾಯಕಮ್ಮನವರ ಕಿವಿ ಕೊಟ್ಟ ತೀರ್ಪಿಗೆ ನುಗ್ಗೇಹಳ್ಳಿಯಲ್ಲಿ ಮೇಲ್ಮನವಿ ಇರಲಿಲ್ಲ. ಮದುವೆಮನೆಯ ಆರತಿ ಹಾಡು ಯಾವ ಸಾಲಿನಲ್ಲಿ ಎಡವಿತು, ವಾಲಗದವನ ಉಸಿರು ಎಲ್ಲಿ ಕೈಕೊಟ್ಟಿತು, ಎಲ್ಲವನ್ನೂ ಅವರು ಊಟದ ಪಂಕ್ತಿಯಲ್ಲೇ ಘೋಷಿಸಿಬಿಡುತ್ತಿದ್ದರು. ಹಾಡಿದವರು ತಲೆ ತಗ್ಗಿಸಿ ಅನ್ನ ಕಲೆಸಿಕೊಳ್ಳಬೇಕು, ಅಷ್ಟೆ.

ಇಂಥ ಕಿವಿಗೆ ಆ ಯುಗಾದಿಯಲ್ಲಿ ಪರೀಕ್ಷೆ ಬಂತು. ಹಾಸನದ ಬ್ಯಾಂಕಿನಲ್ಲಿದ್ದ ಅಳಿಯ ಮುರಳೀಕೃಷ್ಣ, ಅತ್ತೆಗೆಂದು ಒಂದು ಟೇಪ್‌ರೆಕಾರ್ಡರನ್ನೂ, ಕಾಲೇಜಿನ ದಿನಗಳಿಂದ ದೇವರಂತೆ ಕಾಪಾಡಿಕೊಂಡಿದ್ದ ಒಂದು ಇಂಗ್ಲಿಷ್ ಕ್ಯಾಸೆಟ್ಟನ್ನೂ ತಂದ. ಡಬ್ಬಿಯ ಮೇಲೆ ಗುಂಗುರು ಕೂದಲಿನವನೊಬ್ಬ ಕುರ್ಚಿಗೆ ಒಂದು ಕಾಲು ಕೊಟ್ಟು ನಿಂತಿದ್ದ.

"ಅತ್ತೆ, ಪ್ರಪಂಚದಲ್ಲಿ ಇದಕ್ಕೆ ಸಮನಾದ ಪಾಪ್ ಕ್ಯಾಸೆಟ್ ಇನ್ನೊಂದಿಲ್ಲ. ಕೋಟಿಗಟ್ಟಲೆ ಜನ ಕೊಂಡಿದ್ದಾರೆ."

"ಕೋಟಿಗಟ್ಟಲೆ ಜನ ನಶ್ಯಾನೂ ಕೊಳ್ತಾರೆ, ಅಳಿಯಂದಿರೇ. ನಾನು ಕೇಳಿ ಹೇಳ್ತೀನಿ."

"ಆದರೆ ನಿಮಗೆ ಭಾಷೆ..."

"ಹಸು ಕೂಗಿದರೆ ಹಸಿವಿಗೋ ಕರುವಿಗೋ ಅಂತ ತಿಳಿಯೋಕೆ ನಾನೇನು ಅದರ ಭಾಷೆ ಕಲಿತಿದೀನಾ?"

ಹಬ್ಬದ ದಿನ ಕರೆಂಟು ಇರಲಿಲ್ಲ. ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಅಳಿಯ ಮಗಳು ಇಬ್ಬರೂ ಬಸ್ಸು ಹತ್ತಿದರು. ಮರುದಿನ ಕರೆಂಟು ಬಂದರೂ ರಂಗನಾಯಕಮ್ಮನವರಿಗೆ ಹಗಲೆಲ್ಲ ಕೆಲಸ. ದೀಪ ಹಚ್ಚಿ, ಕೈಕಾಲು ತೊಳೆದು, ಸಂಜೆಗೆ ಗೋಡೆಗೊರಗಿ ಕುಳಿತು ಗುಂಡಿ ಒತ್ತಿದರು.

ಮುಂದಿನ ಭಾನುವಾರ ಅಳಿಯ ಎಲೆಯ ಮುಂದೆ ಕುಳಿತವನೇ ಕೇಳಿದ. "ಹೇಗಿತ್ತು ಅತ್ತೆ?"

"ಪಾಪ, ಅವರ ಮನೇಲಿ ಹೋದವರು ಯಾರು?"

"ಎಲ್ಲಿಗೆ ಹೋದವರು?"

"ಸತ್ತವರು ಯಾರು ಅಂತ ಕೇಳಿದೆ. ಅಷ್ಟು ಅಳ್ತಾನಲ್ಲ. ಗಂಟಲೂ ಕಟ್ಟಿದೆ. ಒಂದು ಲೋಟ ಮೆಣಸಿನ ಕಷಾಯ ಕೊಟ್ಟು ಆಮೇಲೆ ಹಾಡಿಸಬಾರದಿತ್ತೇ?"

ಅಳಿಯನ ಮುಖ ಬೆಂದ ಬದನೆಕಾಯಿಯಾಯಿತು. "ಅತ್ತೆ, ಅದು ಕುಣಿಯೋ ಹಾಡು."

"ಆ ಹಾಡಿಗೆ ಕುಣಿಯೋದೂ ಒಂದೇ, ಸೂತಕದ ಮನೇಲಿ ಕೋಲಾಟ ಆಡೋದೂ ಒಂದೇ."

ಮಗಳು ಆರತಿ ಕಣ್ಣು ಮಿಟುಕಿಸಿದಳು. ಅಮ್ಮ ನೋಡಲಿಲ್ಲ. ಅಳಿಯ ಎದ್ದೇಬಿಟ್ಟ. ಬಡಿಸಿದ ಕಾಯಿ ಒಬ್ಬಟ್ಟು ಎಲೆಯಲ್ಲಿ ಹಾಗೇ ಉಳಿಯಿತು. ಅಳಿಯ ಉಣ್ಣದೆ ಎದ್ದ ಮನೆ ಎಂಬ ಹೆಸರು ಬಂದರೆ, ಕಿವಿ ಚುರುಕಾಗಿದ್ದು ಏನು ಪ್ರಯೋಜನ? ಅದರ ಮುಂದಿನ ವಾರ ಆರತಿ ಒಬ್ಬಳೇ ಬಂದಳು.

"ಅವರಿಗೆ ಮನೇಲೂ ಮಾತಿಲ್ಲ, ಅಮ್ಮ. ನೀನು ಸುಮ್ಮನೆ ಚೆನ್ನಾಗಿದೆ ಅಂದುಬಿಡಬಾರದಿತ್ತಾ?"

"ಸುಳ್ಳು ಹೇಳಲಾ? ತಡಿ. ಕೋಟಿ ಜನ ಮೆಚ್ಚಿದ್ದಾರೆ ಅಂದಮೇಲೆ ಅದರಲ್ಲಿ ಏನೋ ಇರಬೇಕು. ನಾನು ಹುಡುಕ್ತೀನಿ."

ಹುಡುಕಿದರು. ಕಲ್ಲು ಆರಿಸುವವರು ಅಕ್ಕಿಯ ಕಾಳು ಕಾಳನ್ನೂ ಸರಿಸುವ ಹಾಗೆ ದಿನಾ ಸಂಜೆ ಕೇಳಿದರು. ಎಲ್ಲಿ ಉಸಿರು ಎಳೆಯುತ್ತಾನೆ, ಎಲ್ಲಿ ದನಿ ಬಾವಿಗೆ ಇಳಿದು ಮೇಲೆ ಬರಲಾರದೆ ಒದ್ದಾಡುತ್ತದೆ, ಎಲ್ಲವೂ ಬಾಯಿಪಾಠವಾಯಿತು. ಕೊನೆಗೊಂದು ಸಂಜೆ ಮೂರನೆಯ ಹಾಡಿಗೆ ಅವರ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯ ಕಮಲಾಕ್ಷಮ್ಮನನ್ನು ಕರೆದು ಕೂರಿಸಿದರು. ಆಕೆಯೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ತಪ್ಪೊಪ್ಪಿಗೆಯ ಕಾಗದ ಹಾಸನಕ್ಕೆ ಹೋಯಿತು. ಅಳಿಯಂದಿರ ಮಾತೇ ಸರಿ, ಇಷ್ಟು ಚೆನ್ನಾಗಿ ಅತ್ತವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ, ಎಂದು.

ಶನಿವಾರ ಮಧ್ಯಾಹ್ನವೇ ಮುರಳೀಕೃಷ್ಣ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಬಂದಿಳಿದ. ಒಲಿದು ಬಂದಿರಲಿಲ್ಲ, ಇನ್ನಷ್ಟು ಉರಿದು ಬಂದಿದ್ದ. ಚೀಲ ಇಡುವ ಮೊದಲೇ ಗುಂಡಿ ಒತ್ತಿದ.

ಟೇಪ್‌ರೆಕಾರ್ಡರಿನಿಂದ ಒಬ್ಬ ಚೂಟಿ ಹುಡುಗ ಹಾರಿ ಬಂದ. ತಮಟೆಯೇನು, ಚಪ್ಪಾಳೆಯೇನು, ಕೇಕೆಯೇನು.

ರಂಗನಾಯಕಮ್ಮ ಸೌಟು ಹಿಡಿದು ಓಡಿ ಬಂದರು. "ಇವನ್ಯಾರು? ಇವನು ನಮ್ಮ ಹುಡುಗ ಅಲ್ಲ."

"ಅದೇ ಕ್ಯಾಸೆಟ್ಟು, ಅತ್ತೆ. ಅದೇ ಹಾಡು."

"ನಮ್ಮವನು ನಿಧಾನಸ್ಥ. ಇವನು ಕೊನೇ ಬಸ್ಸು ತಪ್ಪಿಹೋಗುತ್ತೆ ಅನ್ನೋ ಹಾಗೆ ಹಾಡ್ತಾ ಇದಾನೆ."

ಅಳಿಯ ಕಾಲಲ್ಲಿ ತಾಳ ಹಾಕಿ ವಾದಿಸಿದ, ಅತ್ತೆ ಸೌಟಿನಲ್ಲಿ ತಾಳ ಹಾಕಿ ವಾದಿಸಿದರು. ಇಬ್ಬರ ತಾಳವೂ ಕೂಡಲಿಲ್ಲ. ವಾದ ಕಾಫಿಯನ್ನು ದಾಟಿ, ದೀಪ ಹಚ್ಚುವ ಹೊತ್ತಿಗೂ ಮುಗಿಯಲಿಲ್ಲ. ಅಳಿಯ ಮೂರನೆಯ ಹಾಡನ್ನು ಮತ್ತೆ ಮತ್ತೆ ತಿರುಗಿಸಿ ಹಾಕುತ್ತಲೇ ಇದ್ದ.

ಆಗ ತಲೆಯ ಮೇಲಿನ ಬಲ್ಬು ಕೆಂಪಾಯಿತು. ಚೂಟಿ ಹುಡುಗನಿಗೆ ತಟ್ಟನೆ ವಯಸ್ಸಾಯಿತು. ಅವನ ಕೇಕೆ ನರಳಾಟವಾಯಿತು, ತಮಟೆ ದೂರದಲ್ಲಿ ಭತ್ತ ಕುಟ್ಟಿದಂತಾಯಿತು.

"ಬಂದ ನೋಡಿ ನಮ್ಮವನು," ಎಂದರು ರಂಗನಾಯಕಮ್ಮ.

ಅಳಿಯ ಬಲ್ಬು ನೋಡಿದ, ಟೇಪ್‌ರೆಕಾರ್ಡರ್ ನೋಡಿದ. ಹಿತ್ತಿಲಾಚೆ ದೊಡ್ಡಬೀರಯ್ಯನ ತೆಂಗಿನ ತೋಟದಲ್ಲಿ ಬೋರ್‌ವೆಲ್ಲಿನ ಮೋಟರು ಗುಂಯ್ ಎನ್ನುತ್ತಿತ್ತು. ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಡುವುದೇ ಸಂಜೆಗೆ. ಅವು ಎಳೆದುಕೊಂಡು ಮಿಕ್ಕಿದ್ದು ಮನೆಗಳಿಗೆ. ಆ ಮಿಕ್ಕಿದ್ದರಲ್ಲಿ ಟೇಪು ಕುಂಟುತ್ತ ತಿರುಗುತ್ತಿತ್ತು.

"ಅತ್ತೆ, ನೀವು ಅತ್ತಿದ್ದು ಹಾಡಿಗಲ್ಲ, ವೋಲ್ಟೇಜಿಗೆ," ಎಂದು ಅವನು ಕಂಬ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಎಲೆಗೆ ಕುಳಿತು, ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಂಡ. ಎಲೆಯ ಮಾನ ಉಳಿಯಿತು, ಕಿವಿಯ ಮಾನ ಹೋಯಿತು. ಕಮಲಾಕ್ಷಮ್ಮನಿಗೆ ಏನು ಹೇಳುವುದು ಎಂದು ರಂಗನಾಯಕಮ್ಮ ತುಪ್ಪ ಬಡಿಸುತ್ತಲೇ ಯೋಚಿಸಿದರು.

ಆ ರಾತ್ರಿ ಭರಣಿ ಮಳೆ ಹೊಯ್ಯಿತು. ಮರುದಿನ ಸಂಜೆ ಬಲ್ಬು ಬೆಳ್ಳಗೆ ಉರಿಯಿತು. ಬಸ್ಸಿನ ಟೈಮು ವಿಚಾರಿಸಿ ಬರುತ್ತೇನೆಂದು ಅಳಿಯ ಹೊರಗೆ ಹೋಗಿದ್ದ. ರಂಗನಾಯಕಮ್ಮ ಮೆಲ್ಲಗೆ ಗುಂಡಿ ಒತ್ತಿದರು. ಚೂಟಿ ಹುಡುಗ ಹಾರಿ ಬಂದ. ಆರಿಸಿಬಿಟ್ಟರು. ಆಮೇಲೆ ಸೆರಗು ಹೊದ್ದು, ಹಿತ್ತಿಲ ಬಾಗಿಲು ತೆಗೆದು, ಕೆಸರು ತುಳಿಯುತ್ತ ತೋಟದ ಬೇಲಿಯವರೆಗೆ ಹೋದರು.

"ದೊಡ್ಡಬೀರಯ್ಯ, ಇವತ್ತು ಮೋಟರು ಹಾಕಲಿಲ್ವೇನಪ್ಪ?"

"ಏನ್ ಅಮ್ಮಾರೆ, ನೀವೂವಾ?" ಎಂದ ದೊಡ್ಡಬೀರಯ್ಯ. "ಮಳೆ ಬಂದು ತ್ವಾಟ ಕೆಸ್ರಾಗೈತೆ. ನಿಮ್ ಅಳಿಯಂದ್ರು ಆಗ್ಲಿಂದ ಪಂಪ್‌ಮನೇಲಿ ಕುಂತವ್ರೆ. ಮೂರ್ನೇ ಆಡು ಮುಗಿಯಗಂಟ ಒಸಿ ಮೋಟ್ರು ಆಕಯ್ಯಾ ಅಂತ ಪ್ರಾಣ ತಿಂತಾವ್ರೆ. ನಿಮ್ಗೇನ್ ಬೇಕಾಗಿತ್ತು?"

ಪಂಪ್‌ಮನೆಯ ಬಾಗಿಲಲ್ಲಿ ಅಳಿಯನ ತಲೆ ಕಾಣಿಸಿ, ಅತ್ತೆಯನ್ನು ಕಂಡು ಒಳಕ್ಕೆ ಸರಿಯಿತು.

"ನನಗೇನಪ್ಪ, ಅವರನ್ನ ಊಟಕ್ಕೆ ಕರೆಯೋಕೆ ಬಂದೆ," ಎಂದರು ರಂಗನಾಯಕಮ್ಮ.

"ಅಂಗಾರೆ ಮೋಟ್ರು ಬ್ಯಾಡ್ವಾ?"

"ಹಾಕು, ಹಾಕು. ಅಳಿಯಂದಿರ ಮಾತು ತೆಗೆದುಹಾಕಬಾರದು."