ಆರನೇ ಕೊಠಡಿಯ ನಲವತ್ತು ಕಿಲೋ

ಸ್ಫೋಟ ಗಣನಾ ಕಚೇರಿಯ ಆರನೇ ಕೊಠಡಿಯು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸಂಪೂರ್ಣವಾಗಿ ನಾಶವಾಯಿತೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಆಗ ಲೆಕ್ಕದಕ್ಕ ಅದರೊಳಗೇ ಕೂತು ಚಹಾ ಕುಡಿಯುತ್ತಿದ್ದಳು. ಲೋಟ ಕೂಡ ಅಲ್ಲಾಡಲಿಲ್ಲ.

ಆ ಕಚೇರಿಯಲ್ಲಿ ಸಿಡಿಮದ್ದು ಹಾಗಿರಲಿ, ಬೆಂಕಿಪೊಟ್ಟಣವೂ ಇರಲಿಲ್ಲ. ಮದ್ದಿಗೆ ಪೆಟ್ಟು ಬಿದ್ದರೆ ಅದರೊಳಗಿನ ಗಾಳಿಗುಳ್ಳೆ ಹೇಗೆ ಬಿಸಿಯಾಗುತ್ತೆ, ಎಲ್ಲಿ ಕಿಡಿ ಹತ್ತುತ್ತೆ, ಯಾವಾಗ ಢಮಾರ್ ಅನ್ನುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದಷ್ಟೇ ಅಲ್ಲಿನ ಕೆಲಸ. ಈ ಸಲದ ನಲವತ್ತು ಕಿಲೋ ಮದ್ದಿನ ಲೆಕ್ಕಕ್ಕೊಂದು ಕೊಠಡಿಯ ಅಳತೆ ಬೇಕಿತ್ತು. ಯಾರ ಕಾಲು ಹಿಡಿಯೋದು ಅಂತ ಲೆಕ್ಕದಕ್ಕ ಟೇಪು ಹಿಡಿದು ತನ್ನ ಕೊಠಡಿಯನ್ನೇ ಅಳೆದಿದ್ದಳು. ಒಂಬತ್ತು ವರ್ಷ ಕಾರಿಡಾರಿನಲ್ಲಿ ಕೂತ ಮೇಲೆ ಹೋದ ತಿಂಗಳಷ್ಟೇ ಸಿಕ್ಕ ಕೊಠಡಿ. ಕಿಟಕಿ ಬೇರೆ ಇತ್ತು.

ವರದಿ ಸುರಕ್ಷತಾಧಿಕಾರಿಗಳ ಮೇಜು ಸೇರಿದ ಹತ್ತೇ ನಿಮಿಷಕ್ಕೆ ಅವರು ಹೆಲ್ಮೆಟ್ ಹಾಕಿಕೊಂಡು ಬಾಗಿಲಿಗೆ ಬಂದರು.

“ಏಳಿ ತಾಯಿ, ಈಚೆ ಬನ್ನಿ. ಈ ಕೊಠಡಿ ಇಲ್ಲ.”

“ಸಾರ್, ನೀವು ಅದರ ಬಾಗಿಲಿಗೇ ಒರಗಿದ್ದೀರಿ.”

ಅವರು ಥಟ್ಟನೆ ನೆಟ್ಟಗಾದರು. “ನಾಲ್ಕು ಗೋಡೆ, ಒಂದು ಕಿಟಕಿ, ಛಾವಣಿ ಸಮೇತ ಹಾರಿಹೋಯ್ತು ಅಂತ ಬರೆದು ಸಹಿ ಹಾಕಿದ್ಯಾರು?”

“ನಾನೇ. ಆದ್ರೆ ಹಾರಿದ್ದು ಲೆಕ್ಕದಲ್ಲಿ.”

“ಈ ಕಚೇರಿಯಲ್ಲಿ ಲೆಕ್ಕದಲ್ಲಿ ಬಿಟ್ಟು ಇನ್ನೆಲ್ಲಿ ಹಾರುತ್ತೆ? ನಿಯಮ ಹದಿನೇಳು: ನಾಶವಾದ ಕೊಠಡಿಯಲ್ಲಿ ಸಿಬ್ಬಂದಿ ಕೂರತಕ್ಕದ್ದಲ್ಲ.”

“ಒಂದು ಗಂಟೆ ಕೊಡಿ ಸಾರ್. ಲೆಕ್ಕ ತಿದ್ದಿಕೊಡ್ತೀನಿ.”

ಕಿಟಕಿಯ ಮೇಲಿನ ಆಸೆ ಸಣ್ಣದಲ್ಲ. ಅವಳು ಗಾಳಿಗುಳ್ಳೆಗಳನ್ನೆಲ್ಲ ಒಂದೂ ಬಿಡದೆ ಅಳಿಸಿದಳು. ಪೆಟ್ಟನ್ನು, ಮಗು ಮಲಗಿಸುವಾಗ ಬೆನ್ನು ತಟ್ಟುತ್ತಾರಲ್ಲ, ಅಷ್ಟು ಮೆತ್ತಗೆ ಮಾಡಿದಳು. ಕಿಡಿ ಹತ್ತಲಿಲ್ಲ. ಗೋಡೆ ನಿಂತಿತು. ಹೊಸ ವರದಿ ಹಿಡಿದು ಓಡಿದಳು.

ಅಧಿಕಾರಿಗಳು ಎರಡು ಸಲ ಓದಿದರು. ಹೆಲ್ಮೆಟ್ಟಿನ ಮೇಲೆ ಇನ್ನೊಂದು ಹೆಲ್ಮೆಟ್ ಇಟ್ಟುಕೊಂಡರು.

“ಅಂದ್ರೆ ಮದ್ದು ಸಿಡಿದಿಲ್ಲ.”

“ಒಂಚೂರೂ ಇಲ್ಲ ಸಾರ್.”

“ಹಾಗಾದ್ರೆ ಇನ್ನೂ ಒಳಗೇ ಇದೆ.”

ಮೂರು ಗಂಟೆಗೆ ಪ್ರಕಟಣೆ ಬಿತ್ತು: “ಆರನೇ ಕೊಠಡಿಯಲ್ಲಿ ನಲವತ್ತು ಕಿಲೋ ಸಿಡಿಯದ ಮದ್ದು ಇರುವುದು ಲೆಕ್ಕದಿಂದ ದೃಢಪಟ್ಟಿರುತ್ತದೆ. ಅದು ತಾನಾಗಿ ಸಿಡಿಯುವ ಮನಸ್ಸು ಮಾಡುವವರೆಗೆ ಕೊಠಡಿಗೆ ಬೀಗ. ಎದುರಿನ ಕಾರಿಡಾರಿನಲ್ಲಿ ಕೆಮ್ಮುವವರು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.”

ಬಾಗಿಲಿಗೆ ಮರಳಿನ ಚೀಲ ಒಟ್ಟಿದರು. ಲೆಕ್ಕದಕ್ಕನ ಮೇಜು ಕಾರಿಡಾರಿಗೆ ಬಂತು. ಮೊದಲ ದಿನ ಸಿಟ್ಟು, ಎರಡನೇ ದಿನ ಅಳು. ಮೂರನೇ ದಿನ ಜವಾನ ಸಿಳ್ಳೆ ಹಾಕುತ್ತಾ ಕುರ್ಚಿಯನ್ನು ದರದರ ಎಳೆದುಕೊಂಡು ಬಂದ. ಅವಳು ಕೈ ಅಡ್ಡ ಹಿಡಿದಳು.

“ಮೆಲ್ಲಗೆ ಅಣ್ಣಾ. ಒಳಗೆ ನಲವತ್ತು ಕಿಲೋ ಇದೆ.”

“ಯಾರಾದ್ರೂ ನೋಡಿದಾರಾ ಅಕ್ಕ?”

“ನಾನೇ ಇಟ್ಟಿದ್ದು.”

ಜವಾನ ಕುರ್ಚಿಯನ್ನು ತಲೆ ಮೇಲೆ ಹೊತ್ತುಕೊಂಡು, ತುದಿಗಾಲಲ್ಲಿ ನಡೆದುಹೋದ.